ಅಂಕ ಕೊಡಬಾರದ ಪದ್ಯ

ಈಚೆಗೆ ನನ್ನ ಮುಂದೆ ಸಹಿಗೆ ಬರುವ ಕನ್ನಡ ಪಾಠ ಯೋಜನೆಗಳಲ್ಲಿ ‘ಮಾನಸಿಕ ಸ್ವಾಸ್ಥ್ಯಕ್ಕಾಗಿ ಕವಿತೆ ರಚನೆ’ ಎಂಬ ಚಟುವಟಿಕೆ ಆಗಾಗ ಕಾಣಿಸುತ್ತಿದೆ. ಪದ್ಯಪಾಠವನ್ನು ಭಾವಾರ್ಥ ಹೇಳಿ ಮುಗಿಸದೆ ಪ್ರಶಿಕ್ಷಣಾರ್ಥಿಗಳು ಮಕ್ಕಳ ಕೈಗೆ ಪೆನ್ನು ಕೊಡುತ್ತಿರುವುದು ಸಂತೋಷದ ಸಂಗತಿ. ನನ್ನ ತಕರಾರು ಇರುವುದು ಯೋಜನೆಯ ಕೊನೆಯ ಅಂಕಣದ ಬಗ್ಗೆ. ಅಲ್ಲಿ ಪ್ರಾಸ, ಲಯ, ಕಾಗುಣಿತ, ವಾಚನ ಎಂದು ಅಂಕ ಹಂಚಿರುತ್ತದೆ. ಮನಸ್ಸು ಹಗುರಾಗಲೆಂದು ಬರೆಸಿದ್ದಕ್ಕೆ ಅಂಕವಿಟ್ಟರೆ ಮಗು ಅಂಕ ಬರುವುದನ್ನೇ ಬರೆಯುತ್ತದೆ: ಅಮ್ಮ ದೇವರು, ಗೆಳೆತನ ಹೂವು, ಶಾಲೆ ದೇಗುಲ.

ಹಾಗೆ ಬರೆಯದ ಮಕ್ಕಳೂ ಇರುತ್ತಾರೆ. ನಾನು ವೀಕ್ಷಿಸಿದ ಒಂದು ತರಗತಿಯಲ್ಲಿ ಹುಡುಗನೊಬ್ಬ, ರಾತ್ರಿ ಅಪ್ಪ ಮನೆಗೆ ಬರುವಾಗಿನ ಚಪ್ಪಲಿ ಸದ್ದಿನ ಬಗ್ಗೆ ನಾಲ್ಕು ಸಾಲು ಬರೆದಿದ್ದ. ಕೆಳಗೆ ಕೆಂಪು ಶಾಯಿಯಲ್ಲಿ ‘ಪ್ರಾಸವಿಲ್ಲ’ ಎಂದಿತ್ತು.

ನಮ್ಮಲ್ಲೇ ಇದಕ್ಕೊಂದು ಹಳೆಯ ಮಾದರಿಯಿದೆ. ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ನೋಡಿ. ತವರಿನ ಹಂಬಲ, ಅತ್ತೆಮನೆಯ ಕಷ್ಟ, ಮಕ್ಕಳಿಲ್ಲದ ಕೊರಗು ಎಲ್ಲವನ್ನೂ ಹೆಂಗಸರು ಬೀಸುವ ಕಲ್ಲಿನ ಮುಂದೆ ಕೂತು ತ್ರಿಪದಿಯಲ್ಲಿ ಹೇಳಿಕೊಂಡರು. ಕಲ್ಲು ತಿದ್ದಲಿಲ್ಲ, ಬುದ್ಧಿ ಹೇಳಲಿಲ್ಲ. ಜೊತೆಗೆ ಮೂರು ಸಾಲಿನ ಕಟ್ಟು ಅವರಿಗೆ ಆಸರೆಯಾಗಿತ್ತು. ಎಲ್ಲೆಂದರಲ್ಲಿ ಹರಡಿದ ದುಃಖ ಹಿಡಿಯಷ್ಟಾಗಿ ಕೈಗೆ ಸಿಗುತ್ತಿತ್ತು. ಆದ್ದರಿಂದ ಮಕ್ಕಳಿಗೂ ಚಿಕ್ಕ ಚೌಕಟ್ಟು ಕೊಡಿ, ಮೂರೇ ಸಾಲು ಸಾಕು. ‘ನಿನ್ನ ಅತ್ಯಂತ ದುಃಖದ ದಿನ’ ಎಂಬ ವಿಷಯ ಮಾತ್ರ ಬೇಡ. ‘ನಮ್ಮ ಮನೆಯ ಬಾಗಿಲು’ ಎಂದು ಕೊಟ್ಟರೆ ಎಷ್ಟು ಒಳಗೆ ಹೋಗಬೇಕೆಂಬುದನ್ನು ಮಗುವೇ ತೀರ್ಮಾನಿಸುತ್ತದೆ.

ಬರೆದ ಕೂಡಲೇ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆಯನ್ನೂ ಸ್ವಲ್ಪ ಸಡಿಲಿಸಬೇಕು. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಕಹಿ ಅನುಭವವನ್ನು ಬರೆದರು (ಗದ್ಯದಲ್ಲಿ, ಪದ್ಯದಲ್ಲಲ್ಲ). ಬರೆದ ಗಳಿಗೆಯಲ್ಲಿ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು; ಪ್ರಯೋಜನ ಕಂಡದ್ದು ತಿಂಗಳುಗಳ ನಂತರ. ಆಮೇಲಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರೆ ಪರಿಣಾಮ ಚಿಕ್ಕದೇ. ನಮ್ಮ 40 ನಿಮಿಷದ ಅವಧಿಯಲ್ಲಿ ಗಂಟೆ ಬಾರಿಸಿದೊಡನೆ ಅದೇ ಮಗು ಗಣಿತಕ್ಕೆ ಕೂರಬೇಕು. ಕೊನೆಯ ಐದಾರು ನಿಮಿಷ ಎಲ್ಲರೂ ಸೇರಿ ಗೊತ್ತಿರುವ ಹಾಡೊಂದನ್ನು ಹೇಳಲಿ. ಬರೆದದ್ದನ್ನು ಓದುವವರು ಓದಲಿ, ಉಳಿದವರು ಹಾಳೆ ಮಡಚಿ ಮನೆಗೆ ಒಯ್ಯಲಿ.

ಮೌಲ್ಯಮಾಪನವಿಲ್ಲದ ಚಟುವಟಿಕೆ ಇರಲು ಸಾಧ್ಯವೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಪಠ್ಯದ ಪದ್ಯಕ್ಕೆ ಧಾರಾಳವಾಗಿ ಅಂಕವಿಡಿ. ಇಲ್ಲಿ ಆ ಅಂಕಣದಲ್ಲಿ ಪ್ರಶಿಕ್ಷಣಾರ್ಥಿ ತನ್ನನ್ನೇ ಕೇಳಿಕೊಳ್ಳಲಿ: ಬರೆಯಲು ಬಿಡುವು ಕೊಟ್ಟೆನೇ? ಯಾರನ್ನಾದರೂ ಓದಲು ಒತ್ತಾಯಿಸಿದೆನೇ? ನಾನೂ ಮೂರು ಸಾಲು ಬರೆದೆನೇ?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಚಪ್ಪಲಿ ಸದ್ದಿನಂಥ ಸಾಲುಗಳದ್ದು. ಇಂಟರ್ನ್‌ಶಿಪ್ ಮುಗಿದ ಮೇಲೆ ಪ್ರಶಿಕ್ಷಣಾರ್ಥಿ ಹೊರಟುಹೋಗುತ್ತಾರೆ, ಮಗು ಅಲ್ಲೇ ಇರುತ್ತದೆ. ಆದ್ದರಿಂದ ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತು ಕೊಡಬಾರದು. ಮಗು ತಾನಾಗಿ ತೋರಿಸಿದರೆ, ಪ್ರಶ್ನೆಗಳ ಮಳೆಗರೆಯದೆ ‘ತೋರಿಸಿದ್ದು ಒಳ್ಳೆಯದಾಯಿತು’ ಎಂದು ಹೇಳಿ, ಅಪಾಯದ ಸೂಚನೆಯಿದ್ದರೆ ಅದೇ ದಿನ ತರಗತಿ ಶಿಕ್ಷಕರಿಗೂ ಮುಖ್ಯ ಶಿಕ್ಷಕರಿಗೂ ತಿಳಿಸಬೇಕು. ತಿಳಿಸುತ್ತೇನೆಂದು ಮಗುವಿಗೂ ಹೇಳಬೇಕು. ಮಕ್ಕಳ ಸಹಾಯವಾಣಿ 1098. ಮಾನಸಿಕ ಆರೋಗ್ಯಕ್ಕೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ 14416. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಈ ಎರಡು ಸಂಖ್ಯೆಗಳು ಯೋಜನೆಯ ‘ಬೋಧನೋಪಕರಣ’ ಅಂಕಣದಲ್ಲಿ ಇಲ್ಲದಿದ್ದರೆ ನಾನು ಈ ಚಟುವಟಿಕೆಗೆ ಸಹಿ ಹಾಕುತ್ತಿಲ್ಲ.