ನಾನ್‌ಜಿಂಗ್ ಪ್ರಾಕಾರದ ಇಟ್ಟಿಗೆಗಳು

ಚೀನಾ ದೇಶದ ಗೋಡೆಯೆಂದೊಡನೆ ನಮ್ಮ ಜನರ ಮನಸ್ಸು ಉತ್ತರದ ಗಿರಿಶಿಖರಗಳ ಮೇಲೆ ಹಬ್ಬಿದ ಆ ಮಹಾಪ್ರಾಕಾರದ ಕಡೆಗೇ ಧಾವಿಸುವುದು ಸಹಜ. ಆದರೆ ಕೋಟೆಯನ್ನು ಕಟ್ಟಿಸಿದವನನ್ನಲ್ಲದೆ ಕಟ್ಟಿದವರನ್ನೂ ಹೆಸರುಹಿಡಿದು ಅರಿಯಬೇಕೆಂಬ ಕುತೂಹಲವುಳ್ಳವರು ನೋಡತಕ್ಕದ್ದು ಯಾಂಗ್‌ಟ್ಸೆ ನದಿಯ ದಕ್ಷಿಣತೀರದಲ್ಲಿರುವ ನಾನ್‌ಜಿಂಗ್ ನಗರದ ಪ್ರಾಕಾರವನ್ನು.

ಬಡ ಒಕ್ಕಲಿನ ಮನೆಯಲ್ಲಿ ಹುಟ್ಟಿ, ಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ಬೌದ್ಧವಿಹಾರವೊಂದರಲ್ಲಿ ಆಶ್ರಯ ಪಡೆದಿದ್ದ ಝೂ ಯುವಾನ್‌ಝಾಂಗ್ ಎಂಬಾತನು, ಮಿಂಗ್ ವಂಶದ ಮೊದಲ ಚಕ್ರವರ್ತಿಯಾಗಿ ಸಿಂಹಾಸನವೇರುವುದಕ್ಕೆ ಎರಡು ವರ್ಷ ಮೊದಲೇ, 1366ರಲ್ಲಿ, ಇದರ ಕೆಲಸವನ್ನು ಆರಂಭಿಸಿದನು. ಕಾರ್ಯವು ಇಪ್ಪತ್ತು ವರ್ಷಗಳಷ್ಟು ನಡೆಯಿತು. ರಾಜಧಾನಿಯು ಚತುರಸ್ರವಾಗಿರಬೇಕೆಂಬುದು ಚೀನೀಯರ ಪ್ರಾಚೀನ ವಿಧಿ. ಆ ವಿಧಿಯನ್ನು ಇಲ್ಲಿ ಬದಿಗಿರಿಸಿ, ಬೆಟ್ಟ ಬಂದಲ್ಲಿ ಬೆಟ್ಟವನ್ನು ಏರಿ, ಷುವಾನ್‌ವು ಸರೋವರ ಬಂದಲ್ಲಿ ಅದರ ದಡವನ್ನನುಸರಿಸಿ, ದಕ್ಷಿಣದಲ್ಲಿ ಚಿನ್‌ಹುವಾಯ್ ನದಿಯನ್ನೇ ಕಂದಕವಾಗಿಸಿಕೊಂಡು, ಸುಮಾರು 35 ಕಿಲೋಮೀಟರುಗಳ ವಕ್ರರೇಖೆಯನ್ನು ಎಳೆದದ್ದು ಶಾಸ್ತ್ರಕ್ಕಿಂತ ನೆಲವನ್ನು ಚೆನ್ನಾಗಿ ಬಲ್ಲವರ ವಿವೇಕವೆಂದೇ ನನ್ನ ಎಣಿಕೆ.

ದಕ್ಷಿಣದ ಝಾಂಗ್‌ಹುವಾ ದ್ವಾರವಂತೂ ಒಂದು ಬಾಗಿಲಲ್ಲ, ಬಾಗಿಲುಗಳ ಬಲೆ. ಒಂದರ ಹಿಂದೊಂದರಂತೆ ನಾಲ್ಕು ಕಮಾನುಗಳು, ಅವುಗಳ ನಡುವೆ ಮೂರು ಮುಚ್ಚಿದ ಅಂಗಳಗಳು, ಮೇಲಿನಿಂದ ಇಳಿಬಿಡುವ ಭಾರಿ ಕದಗಳು, ಸೈನಿಕರನ್ನೂ ಸಾಮಗ್ರಿಯನ್ನೂ ಇರಿಸಲು ಗೋಡೆಯ ಒಡಲಲ್ಲೇ 27 ಗುಹಾಗೃಹಗಳು. ಮೊದಲ ಬಾಗಿಲನ್ನು ಮುರಿದು ನುಗ್ಗಿದ ಶತ್ರುವು ಹಿಂದೆ ಸರಿಯಲೂ ಆಗದೆ ಮುಂದೆ ಹೋಗಲೂ ಆಗದೆ ಅಂಗಳದಲ್ಲಿ ಸಿಕ್ಕಿಕೊಳ್ಳಬೇಕೆಂಬುದೇ ಶಿಲ್ಪಿಯ ಸಂಕಲ್ಪ.

ಆದರೂ ನನಗೆ ಅತ್ಯಂತ ವಿಚಾರಾರ್ಹವಾಗಿ ತೋರುವುದು ಇಟ್ಟಿಗೆ. ಯಾಂಗ್‌ಟ್ಸೆ ಕಣಿವೆಯ ಅನೇಕ ಪ್ರಾಂತಗಳಿಂದ ದೋಣಿಗಳಲ್ಲಿ ಬಂದ ಈ ಇಟ್ಟಿಗೆಗಳಲ್ಲಿ ಬಹುಸಂಖ್ಯೆಯವುಗಳ ಮೇಲೆ ಜಿಲ್ಲೆಯ ಹೆಸರು, ಮೇಲ್ವಿಚಾರಣೆಯ ಅಧಿಕಾರಿಯ ಹೆಸರು, ಅವನ ಗುಮಾಸ್ತನದು, ಊರಿನ ಮುಖಂಡನದು, ಕಡೆಗೆ ಗೂಡನ್ನು ಸುಟ್ಟವನದು, ಮಣ್ಣನ್ನು ಅಚ್ಚಿಗೆ ಹಾಕಿದ ಕೂಲಿಯವನದು ಕೂಡ ಮುದ್ರಿತವಾಗಿವೆ. ಇಟ್ಟಿಗೆಯಲ್ಲಿ ದೋಷ ಕಂಡರೆ ಯಾರನ್ನು ಹಿಡಿಯಬೇಕೆಂಬುದು ಹೀಗೆ ಮೊದಲೇ ನಿಶ್ಚಿತವಾಗಿತ್ತು. ಇದನ್ನು ಹೊಣೆಗಾರಿಕೆಯ ಆದರ್ಶವೆಂದು ಕೊಂಡಾಡುವವರುಂಟು. ಅವರ ಮಾತನ್ನು ನಾನು ಪೂರ್ಣವಾಗಿ ಒಪ್ಪಲಾರೆ. ಸಾವಿರಾರು ಮಂದಿ ಮಂತ್ರಿಗಳನ್ನೂ ಅಧಿಕಾರಿಗಳನ್ನೂ ಅವರ ಪರಿವಾರಗಳನ್ನೂ ವಧೆ ಮಾಡಿಸಿದ ಅರಸನ ಕಾಲದಲ್ಲಿ ಹೆಸರು ಬರೆಯುವುದು ಗೌರವವಾಗಿರದೆ, ಶಿಕ್ಷೆಗೆ ಮುಂಗಡವಾಗಿ ಕೊಟ್ಟ ಒಪ್ಪಿಗೆಯಾಗಿತ್ತು. ಆದರೂ ಭೀತಿಯಿಂದ ಹುಟ್ಟಿದ ಈ ಲೇಖನವೇ, ಯಾವ ಆಸ್ಥಾನದ ಇತಿಹಾಸಕಾರನೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಜನರನ್ನು ಇತಿಹಾಸದೊಳಕ್ಕೆ ತಂದಿತೆಂಬುದನ್ನು ಅಲ್ಲಗಳೆಯಲಾಗದು.

ಇಷ್ಟು ಗಟ್ಟಿಯಾದ ಕೋಟೆಯು ಅರಸನ ಮನೆತನದ ಕಲಹವನ್ನು ಮಾತ್ರ ತಡೆಯಲಿಲ್ಲ. 1402ರಲ್ಲಿ ಚಕ್ರವರ್ತಿಯ ಮೊಮ್ಮಗನ ಮೇಲೆ ದಂಡೆತ್ತಿ ಬಂದ ಮಗ ಝೂ ಡಿಗೆ ಜಿನ್‌ಚುವಾನ್ ದ್ವಾರವನ್ನು ಒಳಗಿನವರೇ ತೆರೆದುಕೊಟ್ಟರು.

ಗೋಡೆಯು ಬಹಳವಾಗಿ ಬಿದ್ದದ್ದು ಶತ್ರುವಿನ ಫಿರಂಗಿಗಿಂತ ಹೆಚ್ಚಾಗಿ 1950ರ ದಶಕದ ನಗರಾಭಿವೃದ್ಧಿಯ ಗುದ್ದಲಿಗೆ. 1956ರಲ್ಲಿ ಝೂ ಷಿಯೆ ಎಂಬ ವಿದ್ವಾಂಸನು, ತಾನೇ ಸರ್ಕಾರದ ಸಂಸ್ಕೃತಿ ಇಲಾಖೆಯ ಅಧಿಕಾರಿಯಾಗಿದ್ದೂ, ಈ ಧ್ವಂಸವನ್ನು ಬಹಿರಂಗವಾಗಿ ಪ್ರತಿಭಟಿಸಿದನು. ಝಾಂಗ್‌ಹುವಾ ದ್ವಾರವು ಉಳಿದುದರಲ್ಲಿ ಆತನ ಪಾತ್ರ ದೊಡ್ಡದು. ಮರುವರ್ಷ ಆತನಿಗೆ ಬಲಪಂಥೀಯನೆಂಬ ಹಣೆಪಟ್ಟಿ ಅಂಟಿತು. 1968ರಲ್ಲಿ, ಸಾಂಸ್ಕೃತಿಕ ಕ್ರಾಂತಿಯ ಹಿಂಸೆಯ ನಡುವೆ, ಆತನು ಮೃತನಾದನು. ಸುಮಾರು 25 ಕಿಲೋಮೀಟರು ಉಳಿದಿರುವ ಈ ಪ್ರಾಕಾರವನ್ನು ಚೀನಾ ಸರ್ಕಾರವು ರಾಷ್ಟ್ರೀಯ ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿಸಿದ್ದು 1988ರಲ್ಲಿ.