ಗವಿಯ ಬಾಯಲ್ಲಿ ಯಂತ್ರ ನಿಲ್ಲಬೇಕು

ಸುಗ್ಗಿಯ ಕೆಲಸ ಮುಗಿಯುವ ಮೊದಲೇ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಶಾಲೆ ಕಾಲೇಜುಗಳಿಂದ ಪ್ರವಾಸದ ಬಸ್ಸುಗಳು ಹೊರಡುತ್ತವೆ. ಅವುಗಳಲ್ಲಿ ಕೆಲವು ಘಟ್ಟ ಇಳಿದು ಮಲ್ಪೆ, ಮುರ್ಡೇಶ್ವರ, ಗೋಕರ್ಣಗಳನ್ನು ಮುಟ್ಟುತ್ತವೆ. ಸುವರ್ಣಾವತಿಯಲ್ಲಿ ಮೊಣಕಾಲುದ್ದದ ನೀರಿಗಿಂತ ಹೆಚ್ಚಿನದನ್ನು ಕಾಣದ ಬೆಟ್ಟದ ಮಕ್ಕಳು ಅಲ್ಲಿ ಮೊದಲ ಬಾರಿಗೆ ಕಡಲನ್ನು ನೋಡುತ್ತಾರೆ. ಕಡಲಿನ ಜೊತೆಗೇ, ಅಲೆಗಳ ಮೇಲೆ ಅಬ್ಬರಿಸುತ್ತ ಹಾರುವ ಜೆಟ್ ಸ್ಕೀ ಎಂಬ ನೀರಿನ ಮೋಟಾರ್ ಸೈಕಲನ್ನೂ ನೋಡುತ್ತಾರೆ. ಊರಿಗೆ ಮರಳಿದ ಮೇಲೆ ಮೊಬೈಲಿನ ತೆರೆಯಲ್ಲಿ ಅದರ ಮುಂದಿನ ಕಂತು ಕಾಣುತ್ತದೆ: ಯಾವುದೋ ದೂರದ ದೇಶದ ಕಡಲ ಗವಿಗೆ ಮಾರ್ಗದರ್ಶಿಯೊಬ್ಬನ ಹಿಂದೆ ಸಾಲಾಗಿ ಸಾಗುವ ಹತ್ತಾರು ಜೆಟ್ ಸ್ಕೀಗಳು. ಇಂಥದೊಂದು ಹೊಗೆನಕಲ್ಲಿನ ಕಮರಿಗೂ ಬಂದರೆ ಗೋಪಿನಾಥಂ, ಆಲಂಬಾಡಿಯ ಹುಡುಗರಿಗೆ ನಾಲ್ಕು ಕಾಸು ಸಿಕ್ಕೀತಲ್ಲವೇ ಎಂಬ ಪ್ರಶ್ನೆ ಆಗ ಸಹಜವಾಗಿಯೇ ಹುಟ್ಟುತ್ತದೆ.

ಈ ಪ್ರಶ್ನೆಯನ್ನು ಗದರಿಸಿ ಸುಮ್ಮನಾಗಿಸುವುದು ಪರಿಸರ ಚಳವಳಿಗೆ ಶೋಭೆಯಲ್ಲ. ಮಳೆಯಾಧಾರಿತ ಬೇಸಾಯ ಕೈಕೊಟ್ಟ ವರ್ಷ ಊರೂರೇ ಬೆಂಗಳೂರಿಗೂ ತಿರುಪ್ಪೂರಿಗೂ ಗುಳೆ ಹೋಗುವ ಸೀಮೆಯಲ್ಲಿ ಕೆಲಸದ ಆಸೆ ಅಪರಾಧವಲ್ಲ. ಆದರೆ ಯಂತ್ರವನ್ನು ಹೊಗಳುವ ಅಥವಾ ತೆಗಳುವ ಮುನ್ನ ಅದು ಹೇಗೆ ಕೆಲಸ ಮಾಡುತ್ತದೆ, ಯಾವ ಬಗೆಯ ನೀರಿಗಾಗಿ ಹುಟ್ಟಿತು ಎಂಬುದನ್ನು ತಿಳಿಯುವುದು ಮೇಲು.

ಜೆಟ್ ಸ್ಕೀಗೆ ಸಾಧಾರಣ ಯಂತ್ರದೋಣಿಯಂತೆ ಹೊರಗೆ ಚಾಚಿದ ರೆಕ್ಕೆಚಕ್ರವಿಲ್ಲ. ಹೊಟ್ಟೆಯಡಿಯ ಜಾಲರಿಯ ಮೂಲಕ ನೀರನ್ನು ಹೀರಿ, ಒಳಗಿನ ಚಕ್ರದಿಂದ ಒತ್ತಿ, ಹಿಂದಿನ ಕೊಳವೆಯಿಂದ ರಭಸವಾಗಿ ಚಿಮ್ಮಿಸುತ್ತದೆ. ಆ ಚಿಮ್ಮುವಿಕೆಯೇ ಅದನ್ನು ಮುಂದಕ್ಕೆ ತಳ್ಳುವ ಶಕ್ತಿ. ಹ್ಯಾಂಡಲನ್ನು ತಿರುಗಿಸಿದರೆ ಕೊಳವೆ ತಿರುಗುತ್ತದೆ, ವಾಹನವೂ ತಿರುಗುತ್ತದೆ. ಅಪಾಯದ ಮೂಲ ಇಲ್ಲಿಯೇ ಇದೆ. ಎದುರಿಗೆ ಬಂಡೆ ಕಂಡಾಗ ಹೊಸಬನಾದ ಸವಾರ ಹೆದರಿ ಆಕ್ಸಿಲರೇಟರ್ ಬಿಡುತ್ತಾನೆ. ಬಿಟ್ಟೊಡನೆ ನೀರು ಚಿಮ್ಮುವುದು ನಿಲ್ಲುತ್ತದೆ. ಅದರೊಡನೆ ತಿರುಗಿಸುವ ಶಕ್ತಿಯೂ ಹೋಗುತ್ತದೆ. ಹ್ಯಾಂಡಲ್ ಎತ್ತ ತಿರುಗಿಸಿದರೂ ವಾಹನ ಬಂದ ವೇಗದಲ್ಲೇ ನೇರವಾಗಿ ಜಾರಿ ಬಂಡೆಗೆ ಹೋಗಿ ಬಡಿಯುತ್ತದೆ. ಹೊಸ ಮಾದರಿಗಳಲ್ಲಿ ಇದಕ್ಕೆ ಕೆಲವು ಪರಿಹಾರಗಳನ್ನು ಅಳವಡಿಸಿದ್ದಾರೆ. ಬಾಡಿಗೆಗೆ ಬರುವ ಹಳೆಯ ಯಂತ್ರಗಳಲ್ಲಿ ಅವು ಇರಲೇಬೇಕೆಂದಿಲ್ಲ. ಹಿಂದೆ ಕುಳಿತವನು ಆಯತಪ್ಪಿ ಬಿದ್ದರೆ ಕೊಳವೆಯ ನೀರಿನ ಒತ್ತಡವೇ ದೇಹದ ಒಳಗಿನ ಅಂಗಗಳನ್ನು ಹರಿಯಬಲ್ಲದು. ತಯಾರಕರೇ ತಮ್ಮ ಕೈಪಿಡಿಗಳಲ್ಲಿ ಈ ಎಚ್ಚರಿಕೆಯನ್ನು ಮುದ್ರಿಸುತ್ತಾರೆ. ಕಡಲತಡಿಯಲ್ಲಿ ಅದನ್ನು ಓದಿ ಹೇಳುವವರು ಎಷ್ಟು ಜನ?

ವಿಶಾಲವಾದ ಕೊಲ್ಲಿಯಲ್ಲಿ ಈ ದೋಷವನ್ನು ಹೇಗೋ ಸಹಿಸಬಹುದು. ಕಲ್ಲಿನ ಗೋಡೆಗಳ ನಡುವೆ ಸಹಿಸಲಾಗದು. ಕಡಲ ಗವಿ ಹುಟ್ಟುವುದೇ ಅಲೆಯ ಹೊಡೆತದಿಂದ. ಬಂಡೆಯ ಬಿರುಕಿನೊಳಕ್ಕೆ ನುಗ್ಗಿದ ನೀರು ಅಲ್ಲಿರುವ ಗಾಳಿಯನ್ನು ಅದುಮುತ್ತದೆ, ಹಿಂದೆ ಸರಿದಾಗ ಬಿಡುತ್ತದೆ. ಸಾವಿರಾರು ವರ್ಷ ಹೀಗೆಯೇ ನಡೆದು ಬಿರುಕು ಅಗಲಿಸಿ ಗವಿಯಾಗುತ್ತದೆ. ಅದೇ ಅಲೆ ಇಂದಿಗೂ ಅಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ. ಹೊರಗೆ ಮೊಳದೆತ್ತರವಿದ್ದ ಉಬ್ಬು ಕಿರಿದಾದ ಬಾಯನ್ನು ಹೊಕ್ಕೊಡನೆ ಆಳೆತ್ತರಕ್ಕೆ ಏರಿ ದೋಣಿಯನ್ನು ಚಾವಣಿಗೆ ಎತ್ತಿ ಹೊಡೆಯಬಹುದು. ದೊಡ್ಡ ಅಲೆಗಳು ಗುಂಪುಗುಂಪಾಗಿ ಬರುತ್ತವೆ, ನಡುವೆ ಮೋಸದ ಶಾಂತಿ ಇರುತ್ತದೆ. ಬಲ್ಲವನು ಗವಿಯ ಮುಂದೆ ದೋಣಿ ನಿಲ್ಲಿಸಿ ಬಹಳ ಹೊತ್ತು ನೀರನ್ನು ಸುಮ್ಮನೆ ನೋಡುತ್ತಾನೆ. ಪ್ರವಾಸಿಗೆ ಅದು ಕಾಲಹರಣವೆಂದು ತೋರುತ್ತದೆ. ಮಾರ್ಗದರ್ಶಿಯ ನಿಜವಾದ ಕೆಲಸ ನಡೆಯುತ್ತಿರುವುದು ಆ ಹೊತ್ತಿನಲ್ಲಿಯೇ. ಇನ್ನು ಗವಿ ಬರಿದಾದ ಕಲ್ಲಿನ ಕೋಣೆಯೂ ಅಲ್ಲ. ಮಹಾರಾಷ್ಟ್ರದ ವೆಂಗುರ್ಲಾ ಬಂಡೆಗಳ ಕಡಲ ಗವಿಯೊಳಗೆ ಎಂಜಲಿನಿಂದ ಗೂಡು ಕಟ್ಟುವ ಬಾನಾಡಿಗಳು ಕತ್ತಲೆಯಲ್ಲಿ ಮರಿ ಮಾಡುತ್ತವೆ. ಅಂಥ ಕಡೆ ಯಂತ್ರದ ಸದ್ದು ಗೋಡೆಯಿಂದ ಗೋಡೆಗೆ ಮರುದನಿಸುತ್ತದೆ, ಹೊಗೆ ಹೊರಹೋಗಲು ದಾರಿ ಕಾಣದೆ ಸುತ್ತುತ್ತದೆ.

ಲೋಕಪ್ರಸಿದ್ಧವಾದ ಕಡಲ ಗವಿಯೊಂದು ಇಟಲಿಯ ಕಾಪ್ರಿ ದ್ವೀಪದಲ್ಲಿದೆ. ಒಳಗಿನ ನೀರು ನೀಲಿ ದೀಪ ಹಚ್ಚಿದಂತೆ ಹೊಳೆಯುವುದರಿಂದ ಅದಕ್ಕೆ ನೀಲಿ ಗವಿ ಎಂದೇ ಹೆಸರು. ಪ್ರವಾಸೋದ್ಯಮದಲ್ಲಿ ಕೋಟಿಗಳನ್ನು ಗಳಿಸುವ ಆ ದ್ವೀಪದವರಿಗೆ ಯಂತ್ರದೋಣಿ ಗೊತ್ತಿಲ್ಲವೆಂದಲ್ಲ. ಪ್ರವಾಸಿಗರನ್ನು ಗವಿಯ ಹತ್ತಿರದವರೆಗೆ ತರುವುದು ಯಂತ್ರದೋಣಿಯೇ. ಅಲ್ಲಿಂದ ಮುಂದೆ ಅದಕ್ಕೆ ಪ್ರವೇಶವಿಲ್ಲ. ಮೂರು ನಾಲ್ಕು ಜನ ಮಾತ್ರ ಹಿಡಿಸುವ ಹುಟ್ಟಿನ ದೋಣಿಗೆ ಇಳಿಯಬೇಕು, ಒಂದು ಮೀಟರಿನಷ್ಟು ಎತ್ತರದ ಬಾಯಿಯಲ್ಲಿ ತಲೆ ತಾಗದಂತೆ ಬೆನ್ನ ಮೇಲೆ ಮಲಗಬೇಕು. ಅಲೆ ತಗ್ಗಿದ ಗಳಿಗೆ ನೋಡಿ ಅಂಬಿಗ ಬಂಡೆಗೆ ಬಿಗಿದ ಸರಪಳಿ ಹಿಡಿದು ದೋಣಿಯನ್ನು ಒಳಗೆಳೆಯುತ್ತಾನೆ. ಕಡಲು ಕೆರಳಿದ ದಿನ ಗವಿ ಮುಚ್ಚಿರುತ್ತದೆ, ಎಷ್ಟು ದೂರದಿಂದ ಬಂದವರಾದರೂ ಮರಳಬೇಕು. ಪೋರ್ಚುಗಲ್ಲಿನ ಬೆನಾಗಿಲ್ ಗವಿಯಲ್ಲಿ ಇದಕ್ಕೆ ವ್ಯತಿರಿಕ್ತವಾದ ಕಥೆ ನಡೆಯಿತು. ಅಲ್ಲಿ ದೋಣಿ, ಕಯಾಕ್, ಈಜುಗಾರರೆಲ್ಲ ಒಂದೇ ಬಾಯಿಯಲ್ಲಿ ತುಂಬಿಕೊಂಡು ಕಡೆಗೆ 2024ರಲ್ಲಿ ಅಧಿಕಾರಿಗಳು ಗವಿಯ ಮರಳಿನ ಮೇಲೆ ಇಳಿಯುವುದನ್ನೂ ಈಜಿ ಒಳಹೋಗುವುದನ್ನೂ ನಿಷೇಧಿಸಿ, ಕಯಾಕಿನವರಿಗೆ ಮಾರ್ಗದರ್ಶಿಯನ್ನು ಕಡ್ಡಾಯ ಮಾಡಬೇಕಾಯಿತು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಆಡಳಿತವಂತೂ 2000ದಲ್ಲಿಯೇ ತನ್ನ ಬಹುಪಾಲು ಉದ್ಯಾನಗಳ ನೀರಿನಿಂದ ಜೆಟ್ ಸ್ಕೀಗಳನ್ನು ಹೊರಗಿಟ್ಟಿತು.

ಕಾಪ್ರಿಯವರು ಕಟ್ಟಳೆ ಮಾಡಿ ಉಳಿಸಿಕೊಂಡದ್ದು ಹನೂರು ತಾಲ್ಲೂಕಿನ ಅಂಚಿನಲ್ಲಿ ಕಟ್ಟಳೆಯ ನೆರವಿಲ್ಲದೆಯೇ ಉಳಿದುಕೊಂಡಿದೆ. ಮಲೆ ಮಹದೇಶ್ವರ ಬೆಟ್ಟ ಇಳಿದು, ಪಾಲಾರ್ ದಾಟಿ, ಗೋಪಿನಾಥಂ ಮೂಲಕ ಹೊಗೆನಕಲ್ಲಿಗೆ ಹೋದವರಿಗೆ ಅಲ್ಲಿಯ ಹರಿಗೋಲು ಹೊಸದಲ್ಲ. ಎರಡೂ ಕಡೆ ಕಡಿದಾದ ಕಲ್ಲಿನ ಗೋಡೆ, ನಡುವೆ ಕಪ್ಪುಹಸಿರು ನೀರು, ಮುಂದೆ ಧುಮುಕುವ ಕಾವೇರಿಯ ತುಂತುರಿನ ಹೊಗೆ. ಆ ಕಲ್ಲೂ ಸಾಮಾನ್ಯವಾದುದಲ್ಲ: ಹೊಗೆನಕಲ್ಲಿನ ಕಾರ್ಬೊನಟೈಟ್ ಶಿಲೆ ಸುಮಾರು 240 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಕಡಲು ಅಲೆಯಿಂದ ಮಾಡಿದ ಕೆಲಸವನ್ನು ಇಲ್ಲಿ ನದಿ ಸುಳಿಗೆ ಸಿಕ್ಕ ಉರುಟುಗಲ್ಲುಗಳಿಂದ ಮಾಡಿದೆ. ಮೇಕೆದಾಟಿನ ಬಂಡೆಗಳಲ್ಲಿ ಕಾಣುವ ಗುಳಿಗಳೂ ಇದೇ ಅರೆಯುವಿಕೆಯ ಮಕ್ಕಳು. ಬಿದಿರ ಹೆಣಿಗೆಯ ದುಂಡು ದೋಣಿಯನ್ನು ಒಂದೇ ಹುಟ್ಟಿನಿಂದ ನಡೆಸುವ ಅಂಬಿಗನಿಗೆ ಈ ಗುಳಿ, ಸುಳಿ, ಮುಳುಗುಬಂಡೆಗಳೆಲ್ಲ ಕಣ್ಣುಮುಚ್ಚಿದರೂ ಕಾಣುತ್ತವೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯಲ್ಲಿ ಜನರನ್ನೂ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದ ಬುಟ್ಟಿಯಂಥ ತೊಗಲಿನ ದೋಣಿಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ತೊಗಲಿನ ಜಾಗಕ್ಕೆ ಟಾರು, ಪ್ಲಾಸ್ಟಿಕ್ ಹಾಳೆ ಬಂದಿವೆ, ದೋಣಿ ಅದೇ.

ಹರಿಗೋಲಿಗೆ ಮುಂಭಾಗವೂ ಇಲ್ಲ, ಹಿಂಭಾಗವೂ ಇಲ್ಲ. ಬಂಡೆ ಕಂಡರೆ ನಿಂತಲ್ಲೇ ತಿರುಗಿಸಿ ಪಕ್ಕಕ್ಕೆ ಸರಿಸಬಹುದು, ತಾಗಿದರೂ ಬಿದಿರು ಬಾಗಿ ಪೆಟ್ಟನ್ನು ನುಂಗುತ್ತದೆ. ಅದಕ್ಕೂ ಮಿತಿಗಳುಂಟು. ಕುಳಿತವರು ಚಿತ್ರ ತೆಗೆಯಲೆಂದು ಒಂದೇ ಕಡೆಗೆ ಎದ್ದು ನಿಂತರೆ ಮಗುಚುತ್ತದೆ. 2015ರ ಸೆಪ್ಟೆಂಬರಿನಲ್ಲಿ ಹೊಗೆನಕಲ್ಲಿನಲ್ಲಿಯೇ ಹರಿಗೋಲು ಮಗುಚಿ ಪ್ರವಾಸಿಗರು ಪ್ರಾಣ ಕಳೆದುಕೊಂಡರು. ಹಳೆಯದೆಲ್ಲ ಸುರಕ್ಷಿತ, ಹೊಸದೆಲ್ಲ ಅಪಾಯಕಾರಿ ಎಂಬ ಸುಲಭದ ವಾದಕ್ಕೆ ಆ ಸಾವುಗಳ ಮುಂದೆ ನಿಲ್ಲುವ ಶಕ್ತಿಯಿಲ್ಲ.

ಹಾಗಾದರೆ ನೀರಿನ ಮೇಲೆ ಜೀವ ಕಾಯುವುದು ಯಾವುದು? 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಜನ ಸತ್ತರು. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆಂದು ಮುರ್ಡೇಶ್ವರಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ಬಾಲಕಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ಅವರೂ ಒಳನಾಡಿನ ಮಕ್ಕಳೇ, ಕಡಲನ್ನು ಪುಸ್ತಕದಲ್ಲಿ ಓದಿದ್ದವರೇ. ಇಂಥ ಪ್ರತಿ ದುರಂತದ ನಂತರವೂ ಲೈಫ್ ಜಾಕೆಟ್, ಪರವಾನಗಿ, ಫಲಕಗಳ ಮಾತು ಏಳುತ್ತದೆ, ಅವೆಲ್ಲ ಬೇಕಾದವುಗಳೇ. ಅದಕ್ಕಿಂತ ಮೊದಲು ಬೇಕಾದದ್ದು, ನೀರನ್ನು ಬಲ್ಲ ಒಬ್ಬ ಮನುಷ್ಯ "ಇವತ್ತು ಆಗುವುದಿಲ್ಲ" ಎಂದು ಹೇಳುವುದು ಮತ್ತು ಅವನ ಮಾತು ನಡೆಯುವುದು.

ಈ ಮಾತನ್ನು ಹೇಳುವುದು ಇಂದು ಅಂಬಿಗನಿಗೆ ದುಬಾರಿ. ಅವನ ಆದಾಯ ಸುತ್ತುಗಳ ಲೆಕ್ಕದಲ್ಲಿದೆ. ಒಂದು ಸುತ್ತು ಬೇಡವೆಂದರೆ ಅಷ್ಟು ಕೂಲಿ ಹೋಯಿತು. ಹೆಚ್ಚು ಜನರನ್ನು ಹತ್ತಿಸಿಕೊಳ್ಳುವುದಿಲ್ಲ ಎಂದರೆ ಪಕ್ಕದವನು ಹತ್ತಿಸಿಕೊಳ್ಳುತ್ತಾನೆ. ಕಬಿನಿ, ಕೃಷ್ಣರಾಜಸಾಗರಗಳಿಂದ ನೀರು ಬಿಟ್ಟು ಬಿಳಿಗುಂಡ್ಲುವಿನ ಮಾಪಕದಲ್ಲಿ ಹರಿವು ಏರಿದಾಗ ಆಚೆ ದಡದ ಧರ್ಮಪುರಿ ಜಿಲ್ಲಾಡಳಿತ ಹರಿಗೋಲುಗಳನ್ನು ನಿಲ್ಲಿಸುತ್ತದೆ. ಎರಡು ರಾಜ್ಯಗಳ ನ್ಯಾಯಾಲಯದ ವ್ಯಾಜ್ಯಕ್ಕೆ ಅಂಕಿ ಒದಗಿಸುವ ಅದೇ ಮಾಪಕ ಬಡ ಅಂಬಿಗನ ಅಡುಗೆಮನೆಯ ಒಲೆಯನ್ನೂ ಅಳೆಯುತ್ತದೆ ಎಂಬುದನ್ನು ಬೆಂಗಳೂರು, ಚೆನ್ನೈಗಳಲ್ಲಿ ಯಾರೂ ನೆನೆಯುವುದಿಲ್ಲ. ವಾರಗಟ್ಟಲೆ ಕೆಲಸ ನಿಂತ ಮೇಲೆ ನೀರು ಇಳಿದ ಮೊದಲ ದಿನ ಅವನು ಎಷ್ಟು ಜನರನ್ನು ಹತ್ತಿಸಿಕೊಂಡಾನು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಈ ಲೆಕ್ಕಾಚಾರದೊಳಕ್ಕೆ ಜೆಟ್ ಸ್ಕೀ ಬಂದರೆ ಸ್ಥಿತಿ ಇನ್ನೂ ಕೆಡುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರದ ಒಡೆಯ ಊರ ಹುಡುಗನಾಗಿರಲಾರ. ಹುಡುಗ ದಿನಗೂಲಿಗೆ ನಿಂತವನಾಗಿರುತ್ತಾನೆ. ಸಾಲದ ಕಂತು ಕಟ್ಟಬೇಕಾದ ಒಡೆಯ ಪೇಟೆಯಲ್ಲಿರುತ್ತಾನೆ. "ಇವತ್ತು ಆಗುವುದಿಲ್ಲ" ಎಂಬ ಮಾತು ಆಗ ಯಾರ ಬಾಯಿಂದ ಬರಬೇಕು?

ನದಿಯ ಜೀವಿಗಳ ಪ್ರಶ್ನೆಯೂ ಇದೆ. ಈ ಹರಿವಿನ ದಡಗಳು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಅಭಯಾರಣ್ಯಕ್ಕೆ ಸೇರಿವೆ. ನೀರುನಾಯಿಗಳು ಬಂಡೆಗಳ ಮೇಲೆ ಮೈ ಒಣಗಿಸಿಕೊಳ್ಳುವ, ಮೊಸಳೆಗಳು ಮರಳಿನಲ್ಲಿ ಮೊಟ್ಟೆ ಇಡುವ, ದಡದ ಮರಗಳಲ್ಲಿ ಅಪರೂಪದ ನರೆ ಅಳಿಲು ಬಾಳುವ ಸೀಮೆಯಿದು. ಕಾವೇರಿಯ ಡುಬ್ಬದ ಮಹಶೀರ್ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ನಿರ್ಧಾರವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನಂಚಿನ ಅತಿ ಗಂಭೀರ ಪಟ್ಟಿಯನ್ನೂ ಸೇರಿತು. ಹಳೆಯ ಟೂ ಸ್ಟ್ರೋಕ್ ಯಂತ್ರಗಳು ಕುಡಿದ ಇಂಧನದ ಕಾಲುಭಾಗದಷ್ಟನ್ನು ಉರಿಸದೆಯೇ ನೀರಿಗೆ ಉಗುಳುತ್ತಿದ್ದವು. ಇಂದಿನ ಫೋರ್ ಸ್ಟ್ರೋಕ್ ಯಂತ್ರಗಳಲ್ಲಿ ಅದು ಬಹಳ ತಗ್ಗಿದೆ ಎಂಬುದನ್ನು ಒಪ್ಪಬೇಕು. ಆದರೆ ಮೊಳಕಾಲಿನಷ್ಟು ನೀರಿದ್ದರೂ ಸಾಗಬಲ್ಲ ಈ ವಾಹನ, ಬೇರೆ ಯಾವ ದೋಣಿಯೂ ಹೋಗದೆ ಉಳಿದ ಮಡುವಿನ ಮೂಲೆಗಳಿಗೂ ಹೋಗುತ್ತದೆ. ನೀರುನಾಯಿಗೆ ಉಳಿದಿರುವುದು ಆ ಮೂಲೆಗಳೇ.

ದುಡಿಮೆಯನ್ನೂ ನದಿಯನ್ನೂ ಒಟ್ಟಿಗೆ ಕಾಯುವ ದಾರಿ ಇಲ್ಲವೆಂದಲ್ಲ. ಅಂಡಮಾನಿನ ಗವಿಗಳಲ್ಲಿ ಬಾನಾಡಿಗಳ ಗೂಡು ಕಿತ್ತು ಮಾರುತ್ತಿದ್ದವರನ್ನೇ ಪಕ್ಷಿವಿಜ್ಞಾನಿ ರವಿ ಶಂಕರನ್ ಮತ್ತು ಅರಣ್ಯ ಇಲಾಖೆಯವರು 1999ರಿಂದ ಗವಿಗಳ ಕಾವಲಿಗೆ ನಿಲ್ಲಿಸಿದರು. ಮರಿ ಹಾರುವ ತನಕ ಗೂಡು ಮುಟ್ಟದೆ ಕಾದವರು ಹಿಂದೆ ಅದನ್ನು ಕೀಳುತ್ತಿದ್ದವರೇ. ಕಾವೇರಿಯಲ್ಲೂ ಅಂಥದೊಂದು ಪಾಠ ನಡೆದು ಮರೆತುಹೋಗಿದೆ. ಭೀಮೇಶ್ವರಿಯ ಸುತ್ತ ಹಿಡಿದ ಮಹಶೀರನ್ನು ಮತ್ತೆ ನದಿಗೇ ಬಿಡುವ ಗಾಳದ ಶಿಬಿರಗಳಿದ್ದ ಕಾಲದಲ್ಲಿ ಹಳ್ಳಿಯ ಮೀನುಗಾರರೇ ಅಲ್ಲಿ ಮಾರ್ಗದರ್ಶಿಗಳಾಗಿದ್ದರು. ಸಿಡಿಮದ್ದು ಹಾಕುವವರು ಅವರಿಗೆ ಹೆದರುತ್ತಿದ್ದರು. 2010ರ ದಶಕದ ಆರಂಭದಲ್ಲಿ ಅಭಯಾರಣ್ಯದೊಳಗೆ ಗಾಳವನ್ನು ನಿಲ್ಲಿಸಿದಾಗ ಕಾನೂನಿನ ಅಕ್ಷರ ಉಳಿಯಿತು, ಆ ಕಣ್ಗಾವಲು ಹೋಯಿತು. ನಿಷೇಧಿಸಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿಯೇ ಮುಗಿದಿಲ್ಲ. ಕೆಲಸ ಕಳೆದುಕೊಂಡವರಿಗೆ ಬದಲಿ ಕೊಡದೆ ನಿಷೇಧಿಸಿದ್ದು ಮಾತ್ರ ತಪ್ಪೇ.

ವೀರಪ್ಪನ್ ಭಯದಲ್ಲಿ ಎರಡು ದಶಕ ಮುಚ್ಚಿದಂತಿದ್ದ ಗೋಪಿನಾಥಂ ದಾರಿಯಲ್ಲಿ ಈಗ ಪ್ರವಾಸಿಗರ ವಾಹನಗಳು ಓಡಾಡುತ್ತಿವೆ. ಆದ್ದರಿಂದ ನಿರ್ಧಾರಗಳಿಗೆ ಇದೇ ಸಮಯ. ಹೊಗೆನಕಲ್ಲಿನ ಕಮರಿಯೊಳಕ್ಕೆ ಯಾವುದೇ ವಿಹಾರದ ಯಂತ್ರಕ್ಕೆ ಅನುಮತಿ ಕೊಡುವುದಿಲ್ಲವೆಂದು, ಯಾರೂ ಅರ್ಜಿ ಹಾಕುವ ಮೊದಲೇ, ಗ್ರಾಮಸಭೆ ಠರಾವು ಮಾಡಬಹುದು; ರಕ್ಷಣಾ ದೋಣಿಗೆ ಮಾತ್ರ ಅದರಲ್ಲಿ ವಿನಾಯಿತಿ ಇರಲಿ. ಯಂತ್ರವಿಲ್ಲದ ದೋಣಿಗಳ ನೋಂದಣಿಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಲು 2021ರ ಒಳನಾಡು ಹಡಗುಗಳ ಕಾಯ್ದೆಯಲ್ಲಿ ಅವಕಾಶವಿದೆ. ಅದನ್ನು ರಾಜ್ಯ ಸರ್ಕಾರದಿಂದ ಕೇಳಿ ಪಡೆಯಬೇಕು. ಹರಿಗೋಲಿನ ದುಡ್ಡು ಸುತ್ತಿಗಿಷ್ಟು ಎಂದು ಒಬ್ಬೊಬ್ಬನ ಕೈಗೆ ಹೋಗದೆ ಅಂಬಿಗರ ಸಹಕಾರ ಸಂಘದ ಮೂಲಕ ಹಂಚಿಕೆಯಾಗಬೇಕು. ಪ್ರತಿ ಟಿಕೆಟ್ಟಿನ ಒಂದು ಪಾಲು ನೀರು ಏರಿ ಕೆಲಸ ನಿಂತ ದಿನಗಳ ಕೂಲಿಗೆ ಮೀಸಲಾಗಬೇಕು. ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಜೀವರಕ್ಷಣೆಯ ತರಬೇತಿ ಕೊಡುತ್ತದೆ. ವರ್ಷಕ್ಕೆ ನಾಲ್ವರು ಹುಡುಗರನ್ನು ಅಲ್ಲಿಗೆ ಕಳಿಸುವುದು ಪಂಚಾಯಿತಿಗೆ ಭಾರವಲ್ಲ.

ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಮೇಷ್ಟರುಗಳಿಗೂ ಒಂದು ಮಾತು. ಮಲ್ಪೆಯಾಗಲಿ ಹೊಗೆನಕಲ್ಲಾಗಲಿ, ಟಿಕೆಟ್ಟಿನ ದರ ಕೇಳುವ ಮುನ್ನ ದೋಣಿಯವನನ್ನು ಕಳೆದ ವಾರ ಎಷ್ಟು ದಿನ ದೋಣಿ ಬಿಡಲಿಲ್ಲ ಎಂದು ಕೇಳಿ. ನೀರು ಹೇಗಿದ್ದರೂ ಒಂದು ದಿನವೂ ನಿಲ್ಲಿಸಿಲ್ಲವೆಂದು ಅವನು ಹೆಮ್ಮೆಯಿಂದ ಹೇಳಿದರೆ ಮಕ್ಕಳನ್ನು ದಡದಲ್ಲಿಯೇ ಕೂರಿಸಿ ಬುತ್ತಿ ಬಿಚ್ಚಿಸಿ.