ಹೂ ನೋಡುವ ಯಾತ್ರೆ

ವಸಂತದಲ್ಲಿ ಜಪಾನಿಗೆ ತೆರಳುವ ಪ್ರವಾಸಿಗರನ್ನು ಫೂಜಿ ಪರ್ವತಕ್ಕಿಂತಲೂ ಹೆಚ್ಚಾಗಿ ಸೆಳೆಯುವುದು ಸಕುರಾ ಹೂ. ಟೋಕಿಯೋದ ಯಾಸುಕುನಿ ದೇಗುಲದ ಆವರಣದಲ್ಲಿ ಹವಾಮಾನ ಇಲಾಖೆಯವರು ಗುರುತಿಸಿದ ಮರವೊಂದುಂಟು. ಅದರಲ್ಲಿ ಐದಾರು ಹೂಗಳು ಅರಳಿದೊಡನೆ ನಗರಕ್ಕೆ ಹೂಗಾಲ ಬಂದಿತೆಂದು ಸಾರುತ್ತಾರೆ. ಜನರು ಬುತ್ತಿ ಕಟ್ಟಿಕೊಂಡು ಬಂದು, ಮರದಡಿ ಚಾಪೆ ಹಾಸಿ ಕುಳಿತು 'ಹನಾಮಿ'ಯನ್ನು ಆಚರಿಸುತ್ತಾರೆ. ಆ ಪದಕ್ಕೆ 'ಹೂ ನೋಡುವುದು' ಎಂದಷ್ಟೇ ಅರ್ಥ. ಎರಡು ವಾರಗಳೊಳಗೆ ಹೂಗಳೆಲ್ಲ ಉದುರಿಹೋಗುತ್ತವೆ.

ಚಳಿ ಇಳಿಯುವ ಹೊತ್ತಿಗೆ ಬೆಂಗಳೂರಿನ ಇಂದಿರಾನಗರದಲ್ಲಿಯೂ ಟಬೆಬುಯಾ ಮರಗಳು ಎಲೆಯುದುರಿಸಿ ನಸುಗೆಂಪು ಹೂಗಳನ್ನು ತಳೆಯುತ್ತವೆ. ಮಧ್ಯ ಅಮೆರಿಕದಿಂದ ಬಂದ ಈ ಮರ ಸಕುರಾದ ಬಂಧುವಲ್ಲ. ಆದರೂ ಹಲವರು ಇದನ್ನು ಬೆಂಗಳೂರಿನ ಸಕುರಾ ಎಂದೇ ಕರೆಯುತ್ತಾರೆ. ಹೆಸರನ್ನು ಕಡ ತಂದವರು ಚಾಪೆಯನ್ನು ಮಾತ್ರ ತರಲಿಲ್ಲ. ಇದೇ ಬಡಾವಣೆಯ ಚಿನ್ಮಯ ಮಿಷನ್ ಆಸ್ಪತ್ರೆ ರಸ್ತೆಯಲ್ಲಿ ಸಾಲುಮರಗಳು ಉರುಳಿದ ಮೇಲೆ, 2011ರಲ್ಲಿ ಮೆಟ್ರೋ ರೈಲು ಸಂಚಾರ ಆರಂಭವಾಯಿತು. ರೈಲು ಊರಿಗೆ ಬೇಕಾದುದೇ, ಮರವೂ ಬೇಕಾದುದೇ.

ಟೋಕಿಯೋ ಯಾತ್ರೆಗೆ ಹಣ ಕೂಡಿಸುತ್ತಿರುವ ಸಂಸಾರವು, ಮಕ್ಕಳೊಡನೆ ಒಂದು ಸಂಜೆ ತನ್ನ ಬೀದಿಯ ಮರದಡಿಯಲ್ಲಿಯೂ ನಿಂತು ನೋಡಲಿ. ಕಣ್ತುಂಬ ಕಂಡ ಮರಕ್ಕೆ ಕೊಡಲಿ ಬೀಳುವ ದಿನ, 'ಬೇಡ' ಎನ್ನಲು ನಾಲ್ಕು ಬಾಯಿಗಳಾದರೂ ಇರುತ್ತವೆ.